ಹಿನ್ನೀರಿನ ದಂಡೆಯ ಒಣ ಬೇವು

ನಮ್ಮ ಹೊಲದ ಕೆಳಗಿನ ಬದುವಿನ ಮೇಲೆ ಆರು ಗಿಡಗಳು ಸತ್ತು ನಿಂತಿದ್ದವು. ಮೂರು ಜಾಲಿ, ಎರಡು ಬೇವು, ಒಂದು ಹುಣಸೆ. ಆಲಮಟ್ಟಿಯ ಹಿನ್ನೀರು ಬೀಳಗಿ ತಾಲೂಕಿನ ನಮ್ಮೂರ ತನಕ ಏರಿ ಬಂದು, ಹಳೆಯ ಊರು ಮುಳುಗಿ, ನಾವೆಲ್ಲ ಮೇಲಿನ ಹೊಸ ಊರಿಗೆ ಬಂದಾಗ ಇವು ಹಸಿರಾಗಿಯೇ ಇದ್ದವು. ಆದರೆ ಪ್ರತಿ ಮಳೆಗಾಲದಲ್ಲೂ ನೀರು ಅವುಗಳ ಬುಡದಲ್ಲಿ ಮೂರು ನಾಲ್ಕು ತಿಂಗಳು ನಿಲ್ಲತೊಡಗಿತು. ಕೆಲವೇ ವರ್ಷಗಳಲ್ಲಿ ಒಂದರ ಹಿಂದೆ ಒಂದು ಎಲೆ ಉದುರಿಸಿದವು, ತೊಗಟೆ ಸುಲಿದುಕೊಂಡವು. ಬೋಳು ಕೊಂಬೆಗಳ ಮೇಲೆ ನೀರುಕಾಗೆಗಳು ಸಾಲಾಗಿ ಕೂತು ರೆಕ್ಕೆ ಒಣಗಿಸಿಕೊಳ್ಳುತ್ತಿದ್ದವು. ಅವುಗಳ ಹಿಕ್ಕೆ ಬಿದ್ದು ಗಿಡಗಳೆಲ್ಲ ಸುಣ್ಣ ಬಳಿದ ಹಾಗೆ ಬೆಳ್ಳಗಾಗಿದ್ದವು.

ಆರರಲ್ಲಿ ದೊಡ್ಡದು ಒಂದು ಬೇವು. ನನ್ನ ಮಾವನವರು ಇದ್ದಾಗ ಅದರ ನೆರಳು ನೋಡಿಯೇ ಪಕ್ಕದಲ್ಲಿ, ನೀರು ಮುಟ್ಟದ ಎತ್ತರದಲ್ಲಿ, ದನಗಳಿಗೆ ತಗಡಿನ ಶೆಡ್ಡು ಹಾಕಿಸಿದ್ದರು. ನೆರಳು ಹೋಗಿ ಗಿಡ ಮಾತ್ರ ಉಳಿಯಿತು. ಯುಗಾದಿ ಮುಗಿದು ಸ್ವಲ್ಪ ದಿನಕ್ಕೆ ಒಂದು ಮಧ್ಯಾಹ್ನ ಗಾಳಿ ಎದ್ದಾಗ ಆ ಬೇವಿನ ಕೊಂಬೆಯೊಂದು ಮುರಿದು ಶೆಡ್ಡಿನ ಮೇಲೆ ಬಿತ್ತು. ತಗಡು ಹರಿದು ಒಳಗೆ ನುಗ್ಗಿದ ಕೊಂಬೆ ನಮ್ಮ ಎಮ್ಮೆಯ ಕೋಡು ಮುರಿಯಿತು. ಅಲ್ಲಿ ಸಗಣಿ ಬಳಿಯುತ್ತಿದ್ದ ನಾನು ಬುಟ್ಟಿ ಹೊತ್ತು ತಿಪ್ಪೆಗೆ ಹೋಗಿ ಆಗಿನ್ನೂ ನಾಲ್ಕು ಮಾತು ಆಡುವಷ್ಟು ಹೊತ್ತೂ ಆಗಿರಲಿಲ್ಲ.

ಮುಧೋಳದ ಕಡೆಯಿಂದ ಗಿಡ ಕಡಿಯುವವರು ಇಬ್ಬರನ್ನು ಕರೆಸಿದೆವು. ಅವರು ಕೊಡಲಿ ಹೆಗಲಿಂದ ಇಳಿಸದೆ ಒಂದು ಸುತ್ತು ಹಾಕಿದರು.

"ಹಸಿ ಗಿಡ ಹೇಳ್ರಿ, ಎಷ್ಟರ ದೊಡ್ಡದಿರಲಿ ಕಡೀತೀವಿ. ಇದು ಸತ್ತದ್ದು. ಬುಡಕ್ಕ ಪೆಟ್ಟು ಬಿದ್ರ ಮ್ಯಾಲಿಂದು ತಲಿಮ್ಯಾಲೆ ಬೀಳತೈತಿ. ನಮ್ಮ ಕಡೆ ಆಗೂದಿಲ್ರಿ" ಎಂದು ಹೇಳಿ, ಚಹಾ ಕುಡಿದು ಹೋದರು.

ನಮ್ಮ ಮನೆಯವರು ಸಕ್ಕರೆ ಕಾರ್ಖಾನೆಯಲ್ಲಿ ಪಾಳಿ ಮೇಲೆ ದುಡಿಯುತ್ತಿದ್ದರು. ಸಿಟ್ಟಿನ ಭರದಲ್ಲಿ ಜಮಖಂಡಿಗೆ ಹೋಗಿ ಪೆಟ್ರೋಲಿನ ಮೇಲೆ ನಡೆಯುವ, ಚೈನು ಇರುವ ಗಿಡ ಕೊಯ್ಯುವ ಮಷಿನ್ ತಂದರು. ಆಗ ನಮ್ಮ ಕಡೆ ಅದು ಹೊಸದು. ಬಿದ್ದಿದ್ದ ಕೊಂಬೆಯ ಮೇಲೆಯೇ ಮೊದಲು ಓಡಿಸಿದರು. ಚೈನು ಸುತ್ತುವ ಉದ್ದನೆಯ ಪಟ್ಟಿಯ ತುದಿ ಇನ್ನೊಂದು ಟೊಂಗೆಗೆ ತಾಗಿತು. ತಾಗಿದ್ದೇ ತಡ, ಮಷಿನ್ ಕತ್ತೆ ಒದ್ದ ಹಾಗೆ ಹಿಂದಕ್ಕೆ ಎಗರಿ ಅವರ ಪ್ಯಾಂಟನ್ನು ತೊಡೆಯ ಹತ್ತಿರ ಸೀಳಿತು. ಚರ್ಮಕ್ಕೆ ಒಂದು ಗೀರು ಮಾತ್ರ. ಆದರೆ ಅವರ ಮುಖದ ಬಣ್ಣ ಹೋಗಿಬಿಟ್ಟಿತು. ಮಷಿನ್ನನ್ನು ಗೋಣಿಚೀಲದಲ್ಲಿ ಸುತ್ತಿ ಮಂಚದ ಕೆಳಗೆ ತಳ್ಳಿದರು.

"ಇದು ನನ್ನ ಕೈಲೆ ಆಗೂದಿಲ್ಲ" ಎಂದರು.

ನಾನು ಬನಹಟ್ಟಿಯ ನೇಕಾರರ ಮನೆಯಲ್ಲಿ ಹುಟ್ಟಿದವಳು. ನಾಲ್ಕು ಪವರ್‌ಲೂಮ್ ಮಗ್ಗಗಳ ನಡುವೆ ತೊಟ್ಟಿಲು ಕಟ್ಟಿ ನನ್ನನ್ನು ಬೆಳೆಸಿದರು. ಮಷಿನ್ನಿನ ಸದ್ದಿಗೆ ಅಂಜಿಕೆ ಅನ್ನುವುದು ನನಗೆ ಗೊತ್ತೇ ಇರಲಿಲ್ಲ. ಮದುವೆಗೆ ಮುಂಚೆ, ಅಪ್ಪ ಊಟಕ್ಕೆ ಕೂತಾಗ ಎರಡು ಮಗ್ಗ ನಾನೇ ನೋಡಿಕೊಳ್ಳುತ್ತಿದ್ದೆ. ಎಳೆ ಕಡಿದರೆ ಕಣ್ಣಿಗಿಂತ ಮೊದಲು ಕಿವಿಗೆ ತಿಳಿಯುತ್ತಿತ್ತು. ಹಾಗಾಗಿ ಮೂರು ದಿನ ಆ ಗೋಣಿಚೀಲದ ಪಕ್ಕದಲ್ಲಿ ಕಸ ಗುಡಿಸಿದವಳು ನಾಲ್ಕನೆಯ ದಿನ ಅದನ್ನು ಹೊರಗೆಳೆದೆ.

"ಇದನ್ನ ನಾ ಕಲೀತೀನ್ರಿ" ಎಂದೆ.

ಮನೆಯವರು ನಕ್ಕರು. ನಾನು ನಗಲಿಲ್ಲ ಎಂದು ಕಂಡ ಮೇಲೆ ಅಂಗಡಿಯ ಚೀಟಿ ಹುಡುಕಿ ತೆಗೆದರು. ಅತ್ತೆ ಮಾತ್ರ ಒಲೆಯ ಮುಂದಿನಿಂದಲೇ ಕೂಗಿದರು: "ಹೆಣ್ಮಗಳು ಗಿಡ ಕೆಡವೂದು ಯಾವ ಊರಾಗ ಕಂಡೀರಿ? ನಾಳಿ ಕೈಕಾಲು ಮುರದ್ರ ರೊಟ್ಟಿ ಯಾರು ಬಡೀಬೇಕು?"

"ಅವತ್ತು ಶೆಡ್ಡಿನ್ಯಾಗ ಇದ್ದಾಕಿ ನಾನ ರೀ ಅತ್ತಿ. ಗಿಡಾ ನಿಂತರ ಸೈತ ಕೈಕಾಲು ಮುರಿಯೂವ ಅದಾವು" ಎಂದೆ. ಅತ್ತೆ ರೊಟ್ಟಿ ಬಡಿಯುವ ಸದ್ದು ಜೋರಾಯಿತು.

ಮರುದಿನ ಮಷಿನ್ನನ್ನು ಚೀಲದಲ್ಲಿ ಹಾಕಿ ತೊಡೆಯ ಮೇಲಿಟ್ಟುಕೊಂಡು ಜಮಖಂಡಿಯ ಬಸ್ಸಿನಲ್ಲಿ ಕೂತೆ, ಪಕ್ಕದಲ್ಲಿ ಮನೆಯವರು. ಅಂಗಡಿಯಲ್ಲಿ ರಿಪೇರಿ ಮಾಡುವವನು ಒಳ್ಳೆಯ ಮನುಷ್ಯ. ಆದರೆ ಪ್ರಶ್ನೆ ನಾನು ಕೇಳಿದರೆ ಉತ್ತರ ಮನೆಯವರ ಮುಖ ನೋಡಿ ಕೊಡುತ್ತಿದ್ದ. ಮೂರನೆಯ ಸಲ ನಾನೇ ಅವನ ಮುಂದೆ ಹೋಗಿ ನಿಂತೆ.

"ಅಣ್ಣಾರ, ನನಗ ಹೇಳ್ರಿ. ನಡಸಾಕಿ ನಾನು."

ಅವನು ನನ್ನ ಕಡೆ ತಿರುಗಿ ಮನಸ್ಸಿಟ್ಟು ಕಲಿಸಿದ. ಪಟ್ಟಿಯ ತುದಿಯಿಂದ ಎಂದೂ ಕೊಯ್ಯಬಾರದು, ಅದೇ ಒದೆಯುವ ಜಾಗ. ಎರಡೂ ಕೈ ಯಾವಾಗಲೂ ಹಿಡಿಕೆಯ ಮೇಲೆ, ಹೆಬ್ಬೆರಳು ಸುತ್ತಿ. ಹೆಗಲಿಗಿಂತ ಮೇಲೆ ಎತ್ತಬಾರದು. ಒಂದು ಹೆಜ್ಜೆ ನಡೆಯಬೇಕಾದರೂ ಮುಂದಿನ ಬ್ರೇಕು ಒತ್ತಬೇಕು. ಚೈನು ಮೊಂಡಾದರೆ ಒತ್ತಿ ಕೊಯ್ಯದೆ ಕಾನಸು ಎನ್ನುವ ಅರದಿಂದ ಸಾಣೆ ಹಿಡಿಯಬೇಕು. "ಹೊಟ್ಟು ದಪ್ಪ ಬಂದ್ರ ಚೈನ್ ಛಲೋ ಐತಿ ಅಂತ ತಿಳೀರಿ ಅಕ್ಕಾರ, ಹಿಟ್ಟು ಬಂದ್ರ ನಿಂದರಸ್ರಿ" ಎಂದ.

ಬರುವಾಗ ದಪ್ಪ ಕೈಗವಸು, ಕಣ್ಣಿಗೆ ಕನ್ನಡಕ ತಂದೆವು. ತಲೆಗೆ ಮನೆಯವರ ಹೆಲ್ಮೆಟ್ಟು, ಕಾಲಿಗೆ ಅವರ ಕಾರ್ಖಾನೆಯ ಬೂಟು. ಬೂಟಿನ ತುದಿಗೆ ಅರಿವೆ ತುರುಕಿದರೆ ಸರಿಯಾಗುತ್ತಿತ್ತು. ಸೀರೆ ಬಿಟ್ಟು ಅವರ ಹಳೆಯ ಪ್ಯಾಂಟು ಹಾಕಿಕೊಂಡ ದಿನ ಅತ್ತೆ ಗೋಡೆಯ ಕಡೆ ಮುಖ ಮಾಡಿ ಕೂತರು.

ಒಂದು ವಾರ ನೆಲದಲ್ಲಿ ಬಿದ್ದ ಕೊಂಬೆಗಳನ್ನಷ್ಟೇ ಕೊಯ್ದೆ. ಮಷಿನ್ ಕೈಗೆ ಕೂತಿತು. ಗಿಡದ ವಿಷಯ ಬೇರೆ. ಅದಕ್ಕೆ ಗುರು ನಮ್ಮ ಹೊಲದ ನೆರೆಯವರು, ಊರೆಲ್ಲ ಮುತ್ಯಾ ಎಂದು ಕರೆಯುತ್ತಿದ್ದ ಮುದುಕರು. ಕುರಿ ಕಾಯುವ ಮನೆತನ, ಬೀರೇಶ್ವರನ ಗುಡಿಯಲ್ಲಿ ಡೊಳ್ಳು ಬಾರಿಸುವವರು. ನೀರು ಬರುವ ಮುಂಚೆ ಮುಳುಗುವ ಊರುಗಳಲ್ಲಿ ಗಿಡ ಕಡಿಸಿದಾಗ ಎರಡು ವರ್ಷ ಕೊಡಲಿ ಹಿಡಿದಿದ್ದರು. ನಾನು ಹೋಗಿ ಕೇಳಿದಾಗ ಅವರು ಕಂಬಳಿಯ ಮೇಲೆ ಕೂತು ಉಣ್ಣೆ ಹಿಂಜುತ್ತಿದ್ದರು.

"ಮಷಿನ್ ನನಗ ಗೊತ್ತಿಲ್ಲ ತಂಗಿ" ಎಂದರು.

"ಮಷಿನ್ ನನಗ ಬರತೈತ್ರಿ ಮುತ್ಯಾ. ಗಿಡಾ ಬರೂದಿಲ್ಲ."

ಅವರು ಉಣ್ಣೆ ಕೆಳಗಿಟ್ಟರು. "ಹಂಗಂದ್ರ ನಡೀ."

ಮೊದಲ ಮೂರು ದಿನ ಮಷಿನ್ ತರಲು ಬಿಡಲಿಲ್ಲ. ಒಂದೊಂದು ಗಿಡವನ್ನೂ ದೂರದಿಂದ, ತಲೆ ಎತ್ತಿ ಸುತ್ತು ಹಾಕಿಸಿದರು. ಎಲ್ಲಿ ಬಿರುಕು, ಯಾವ ಟೊಂಗೆ ಮುರಿದು ಇನ್ನೊಂದರ ಮೇಲೆ ಆತುಕೊಂಡಿದೆ, ಯಾವ ಕಡೆ ಭಾರ, ಎಲ್ಲವನ್ನೂ ನಾನು ಹೇಳಬೇಕು. ಒಂದು ಬಿಟ್ಟುಹೋದರೆ ಮತ್ತೆ ಸುತ್ತು. ಕುತ್ತಿಗೆ ಹಿಡಿದುಹೋಯಿತು.

"ಹಸಿ ಗಿಡ ಬಾಗತೈತಿ. ಒಣಾ ಗಿಡ ಬಾಗೂದಿಲ್ಲ, ಮುರೀತೈತಿ. ಅದಕ್ಕ ಮೊದಲ ಮ್ಯಾಲ ನೋಡು, ಆಮ್ಯಾಲ ಬುಡಾ ನೋಡು" ಎಂದರು.

ಬುಡ ನೋಡುವುದೆಂದರೆ ಕೊಡಲಿಯ ಹಿಂಬದಿಯಿಂದ ಬಡಿದು ಕೇಳುವುದು. ಗಟ್ಟಿ ಮರ ಕಲ್ಲಿನ ಹಾಗೆ ಕಟ್ ಎನ್ನುತ್ತಿತ್ತು. ಹುಣಸೆ ಮಾತ್ರ ಧೊಂ ಎಂದಿತು. ಮುತ್ಯಾ ಕೊಡಲಿ ಇಳಿಸಿದರು. "ಡೊಳ್ಳಿನ್ಹಂಗ ಅಂತು, ಕೇಳಿದಿ? ಒಳಗ ಏನೂ ಇಲ್ಲ. ಇದನ್ನ ಮುಟ್ಟೂದು ಬ್ಯಾಡ. ಮುಟ್ಟಲಾರದ ಗಿಡಾ ಯಾವುದು ಅಂತ ತಿಳಿಯೂದ ಮೊದಲನೆ ಪಾಠ." ಹುಣಸೆ ದಾರಿಯಿಂದ ದೂರ, ನೀರಿನ ಕಡೆ ಇತ್ತು. ಸುತ್ತ ಜಾಲಿಮುಳ್ಳು ಹಾಕಿ ನೀರುಕಾಗೆಗಳಿಗೇ ಬಿಟ್ಟುಕೊಟ್ಟೆವು.

ಉಳಿದವಕ್ಕೆ ಅರಣ್ಯದವರು ಬಂದು ನೋಡಿ ಒಪ್ಪಿಗೆ ಬರೆದುಕೊಟ್ಟರು.

ಮೊದಲನೆಯದು ಚಿಕ್ಕ ಜಾಲಿ. ಗಾಳಿ ಇಲ್ಲದ ಬೆಳಿಗ್ಗೆ. ಬೀಳಿಸಬೇಕಾದ ದಿಕ್ಕಿಗೆ ಮುಂದೆ ಒಂದು ಬಾಯಿ ತೆಗೆಯಬೇಕು, ಕಲ್ಲಂಗಡಿ ಹೋಳು ತೆಗೆದ ಹಾಗೆ. ಆಮೇಲೆ ಹಿಂದಿನಿಂದ, ನಾಲ್ಕು ಬೆರಳು ಮೇಲೆ, ನೇರ ಕೊಯ್ತ. ಎರಡೂ ಕೊಯ್ತಗಳು ಎಂದೂ ಕೂಡಬಾರದು, ನಡುವೆ ಒಂದು ಪಟ್ಟಿ ಮರ ಉಳಿಯಲೇಬೇಕು. ಮುತ್ಯಾ ಅದಕ್ಕೆ ಬಿಜಾಗ್ರಿ ಎಂದರು. ಬಾಗಿಲು ಬಿಜಾಗ್ರಿಯ ಮೇಲೆ ತಿರುಗುವ ಹಾಗೆ ಗಿಡ ಆ ಪಟ್ಟಿಯ ಮೇಲೆ ತಿರುಗಿ ಬೀಳುತ್ತದೆ. ಪಟ್ಟಿ ಕಡಿದರೆ ಗಿಡ ಎತ್ತಲಾದರೂ ಹೋಗುತ್ತದೆ. ಇದೆಲ್ಲಕ್ಕಿಂತ ಮೊದಲು ನನ್ನ ಬೆನ್ನ ಹಿಂದೆ ಎಡಕ್ಕೊಂದು, ಬಲಕ್ಕೊಂದು, ಓರೆಯಾಗಿ ಎರಡು ದಾರಿ. ಕಲ್ಲು, ಕೂಳೆ, ಮುಳ್ಳು ಏನೂ ಇರಬಾರದು. ಮುತ್ಯಾ ಬರಿಗಾಲಲ್ಲಿ ನಡೆದು ಪರೀಕ್ಷೆ ಮಾಡಿದರು.

ಜಾಲಿ ಚಟಚಟ ಎಂದು ಬಾಯಿ ಮುಚ್ಚಿಕೊಂಡು ಬಿತ್ತು. ನಾನು ಅಷ್ಟರಲ್ಲಿ ದಾರಿಯ ತುದಿಯಲ್ಲಿದ್ದೆ. ಹೆಲ್ಮೆಟ್ಟಿನೊಳಗೆ ಒಬ್ಬಳೇ ನಗುತ್ತಿದ್ದೆ. ಆ ವಾರದಲ್ಲೇ ಉಳಿದೆರಡು ಜಾಲಿಗಳೂ ನೆಲ ಕಂಡವು. ಹೆದ್ದಾರಿಯಲ್ಲಿ ಹೋಗುವವರನ್ನೆಲ್ಲ ನಿಲ್ಲಿಸಿ ಹೇಳಬೇಕು ಎನ್ನುವಷ್ಟು ಸೊಕ್ಕು ಬಂದಿತ್ತು.

ಆ ಸೊಕ್ಕು ಸಣ್ಣ ಬೇವಿನ ಹತ್ತಿರ ಇಳಿಯಿತು. ಹಿಂದಿನ ಕೊಯ್ತ ಮುಗಿದರೂ ಗಿಡ ಕದಲಲಿಲ್ಲ. ನಾನು ಮರದ ಬೆಣೆ ಇಟ್ಟು ಸುತ್ತಿಗೆ ಎತ್ತಿದೆ. ಮುತ್ಯಾ ದೂರದಿಂದ ಕೈ ಬೀಸಿ ಬೇಡ ಎನ್ನುತ್ತಿದ್ದರಂತೆ, ನಾನು ನೋಡಲಿಲ್ಲ. ಎರಡು ಪೆಟ್ಟಿಗೆ ಬೆಣೆ ಒಳಗೆ ಹೋಯಿತು. ಮೂರನೆಯ ಪೆಟ್ಟಿಗೆ ಮೇಲೆಲ್ಲೋ ಟಕ್ ಎಂದು ಸಣ್ಣ ಸದ್ದು. ಮಗ್ಗದಲ್ಲಿ ಎಳೆ ಕಡಿದಾಗ ಆಗುವಷ್ಟೇ. ಮೇಲೆ ನೋಡುತ್ತಾ ನಿಲ್ಲಲಿಲ್ಲ. ಸುತ್ತಿಗೆ ಬಿಟ್ಟು ಎಡಗಡೆಯ ದಾರಿ ಹಿಡಿದೆ. ಐದಾರು ಹೆಜ್ಜೆ ಹೋಗಿರಬೇಕು, ಬೆನ್ನ ಹಿಂದೆ ನೆಲ ನಡುಗಿತು. ಒನಕೆಯಷ್ಟು ದಪ್ಪದ ಟೊಂಗೆ ನಾನು ನಿಂತಿದ್ದ ಜಾಗದಲ್ಲಿ ಬಿದ್ದು ಮೂರು ತುಂಡಾಗಿತ್ತು.

ಮುತ್ಯಾ ಬೈಯಲಿಲ್ಲ. ಅದಕ್ಕೇ ಹೆಚ್ಚು ನಾಚಿಕೆಯಾಯಿತು. "ಸತ್ತ ಗಿಡಕ್ಕ ಬೆಣಿ ಬಡೀಬಾರದು ತಂಗಿ. ಬುಡದಾಗಿನ ಪೆಟ್ಟು ತುದಿಗೆ ಮುಟ್ಟತೈತಿ. ಜಗ್ಗಬೇಕು, ಬಡೀಬಾರದು" ಎಂದಷ್ಟೇ ಹೇಳಿದರು. ಅರ್ಧ ಕೊಯ್ದ ಗಿಡದ ಹತ್ತಿರ ಯಾರೂ ಹೋಗದಂತೆ ಅವರೇ ಕಾವಲು ಕೂತರು. ಸಂಜೆಯ ಗಾಳಿಗೆ ಅದು ತಾನಾಗಿಯೇ, ನಾವು ಬಾಯಿ ತೆಗೆದ ದಿಕ್ಕಿಗೇ ಉರುಳಿತು.

ಎರಡು ದಿನ ನಾನು ಮಷಿನ್ ಮುಟ್ಟಲಿಲ್ಲ. ಕೈಗೆ ಏನೂ ಹತ್ತುತ್ತಿರಲಿಲ್ಲ. ಅಂಗಳದಲ್ಲಿ ಜೋಳ ಹಸನು ಮಾಡುತ್ತ ಕೂತಾಗ ಅತ್ತೆ ಬಂದು ಎದುರಿಗೆ ಕೂತರು. ಈ ಕೆಲಸ ಶುರುವಾದಾಗಿನಿಂದ ನನ್ನ ಜೊತೆ ಸರಿಯಾಗಿ ಮಾತಾಡಿರದವರು.

"ಓಡಿ ಬಂದೀ ಹೌದಲ್ಲ?"

"ಹೂಂ ರೀ."

"ದಾರಿ ಮಾಡಿ ಇಟ್ಟಿದ್ದಿ, ಅದಕ್ಕ ಓಡಿ ಬಂದಿ. ಅವತ್ತು ಶೆಡ್ಡಿನ್ಯಾಗ ನಿನಗ ದಾರಿ ಇರಲಿಲ್ಲ, ದೇವರು ಉಳಿಸಿದ. ಈ ಸಲ ನಿನ್ನ ಬುದ್ಧಿ ಉಳಿಸೈತಿ. ದೊಡ್ಡ ಬೇವು ಇನ್ನೂ ಎಮ್ಮಿ ತಲಿಮ್ಯಾಲ ಐತಿ. ಮತ್ತ ಕುಂತೀಯಲ್ಲ?"

ಮೊರ ಅವರ ಕೈಗೆ ಕೊಟ್ಟು ಎದ್ದೆ. ಕಾನಸು ತೆಗೆದು ಚೈನಿಗೆ ಸಾಣೆ ಹಿಡಿಯಲು ಕೂತೆ.

ದೊಡ್ಡ ಬೇವು ಶೆಡ್ಡಿನ ಕಡೆಗೆ ಒಂದಿಷ್ಟು ವಾಲಿತ್ತು. ಅದನ್ನು ಎದುರು ದಿಕ್ಕಿಗೆ, ಖಾಲಿ ಹೊಲಕ್ಕೆ ಬೀಳಿಸಬೇಕು. ಹಗ್ಗ ಕಟ್ಟಿ ಎಳೆಯದೆ ಬೇರೆ ಉಪಾಯವಿರಲಿಲ್ಲ. ಆದರೆ ಸತ್ತ ಗಿಡ ಹತ್ತುವವರು ಯಾರು? ಮುತ್ಯಾ ಸೊಂಟದಿಂದ ಕವಣೆ ತೆಗೆದರು. ಜೋಳದ ಹೊಲದಲ್ಲಿ ಹಕ್ಕಿ ಹೊಡೆಯುವ ಕವಣೆ. ಕಲ್ಲಿಗೆ ಸಣ್ಣ ದಾರ ಕಟ್ಟಿ ತಿರುಗಿಸಿ ಬಿಟ್ಟರು. ಎರಡು ಸಲ ತಪ್ಪಿತು. ಮೂರನೆಯದು ಎತ್ತರದ ಕವಲಿನ ಮೇಲೆ ಹಾದು ಆಚೆ ಇಳಿಯಿತು. ಆ ದಾರಕ್ಕೆ ಗಟ್ಟಿ ದಾರ, ಅದಕ್ಕೆ ಕಬ್ಬಿನ ಲಾರಿಗೆ ಬಿಗಿಯುವ ದಪ್ಪ ಹಗ್ಗ. ಗಿಡದ ಎತ್ತರದ ಎರಡರಷ್ಟು ದೂರದಲ್ಲಿ ಟ್ರ್ಯಾಕ್ಟರ್ ನಿಲ್ಲಿಸಿ ಹಗ್ಗದ ತುದಿ ಕಟ್ಟಿದೆವು. ಓಡಿಸಲು ನಮ್ಮ ಮನೆಯವರು.

"ಝಟಕಿ ಕೊಡಬ್ಯಾಡ್ರಿ. ಹಗ್ಗ ಬಿಗಿ ಇರಲಿ ಸಾಕು. ಮುತ್ಯಾ ಟವೆಲ್ ಎತ್ತಿದ ಮ್ಯಾಲೆ ಸಾವಕಾಶ ಮುಂದ ತಗೋರಿ" ಎಂದು ನಾನು ಹೇಳಿದೆ.

"ಆತು" ಎಂದರು. ಮದುವೆಯಾದ ಮೇಲೆ ನನ್ನ ಮಾತಿಗೆ ಅವರು ಅಷ್ಟು ಬೇಗ ಆತು ಎಂದದ್ದು ಅದೇ ಮೊದಲು.

ಎಮ್ಮೆ ಎತ್ತುಗಳನ್ನು ದೂರದ ಗೂಟಕ್ಕೆ ಕಟ್ಟಿದೆವು. ಕಾಲುದಾರಿಯಲ್ಲಿ ಯಾರೂ ಬಾರದ ಹಾಗೆ ತಡೆಯಲು ಅತ್ತೆ ತಾವಾಗಿಯೇ ಕೋಲು ಹಿಡಿದು ನಿಂತರು. ಹೊಲದಲ್ಲಿ ಗಿಡ ಬೀಳಬೇಕಾದ ಸಾಲಿಗೆ ನಾನು ಸುಣ್ಣದ ಗೆರೆ ಎಳೆದು, ಗೆರೆಯ ಮೇಲೆ ಒಂದು ಗೂಟ ಬಡಿದೆ. ಸುದ್ದಿ ತಿಳಿದು ಊರಿನ ಹತ್ತಿಪ್ಪತ್ತು ಜನ ದೂರದ ಮೇಲಿನ ಬದುವಿಗೆ ಬಂದು ಕೂತಿದ್ದರು. ಯಾರೋ ಏನೋ ಹೇಳಿ ನಕ್ಕದ್ದೂ ಕೇಳಿಸಿತು.

ಮುತ್ಯಾ ಬುಡ ಬಡಿದು ನೋಡಿದರು. ಮೊಣಕಾಲಿನ ತನಕ ಮಂಕು ಸದ್ದು. ಸೊಂಟದೆತ್ತರದಲ್ಲಿ ಗಟ್ಟಿ. ಅಲ್ಲಿಯೇ ಕೊಯ್ಯುವುದೆಂದು ನಿಶ್ಚಯವಾಯಿತು. ನಾನು ಕೊನೆಯ ಸಲ ಸುತ್ತು ಹಾಕಿ ಮೇಲೆ ನೋಡಿದೆ. ನೀರುಕಾಗೆಗಳು ಎದ್ದು ಹೋಗಿದ್ದವು. ಎಲ್ಲಿಯೂ ಗಾಳಿಯಿಲ್ಲ.

ಮಷಿನ್ನಿನ ಹಗ್ಗ ಎಳೆದೆ, ಶುರುವಾಯಿತು. ಮುಂದಿನ ಬಾಯಿ ತೆಗೆಯುವಾಗ ಹೊಟ್ಟು ಬೆಳ್ಳಗೆ, ದಪ್ಪಗೆ ಬೂಟಿನ ಮೇಲೆ ಸುರಿಯಿತು. ಅದನ್ನು ನೋಡುತ್ತಲೇ ಇದ್ದೆ. ಕಂದು ಬಣ್ಣದ ಪುಡಿ ಬಂದರೆ ಅಲ್ಲಿಗೇ ನಿಲ್ಲಿಸುವುದೆಂದು ಮೊದಲೇ ಮಾತಾಗಿತ್ತು. ಬರಲಿಲ್ಲ. ಹೋಳು ಕಳಚಿ ಬಿತ್ತು. ಹಿಂದೆ ಬಂದು ಕಾಲು ಅಗಲಿಸಿ ನಿಂತು ಎರಡನೆಯ ಕೊಯ್ತ ಶುರು ಮಾಡಿದೆ. ಮಷಿನ್ನಿನ ಸದ್ದು ಒಂದೇ ಸಮ ಇತ್ತು, ನನ್ನ ಎದೆಯೂ ಅದರ ಜೊತೆ ಒಂದೇ ಸಮ ಆಯಿತು. ಬಿಜಾಗ್ರಿಗೆ ಅಂಗೈ ಅಗಲ ಉಳಿದಾಗ ಸಾಕೆನಿಸಿತು. ಇನ್ನೂ ಸ್ವಲ್ಪ ಕೊಯ್ದರೆ ಬೇಗ ಬೀಳುತ್ತದೆ ಎಂದು ಆಸೆ ಹೇಳಿತು. ಕೇಳಲಿಲ್ಲ. ಮಷಿನ್ ನಿಲ್ಲಿಸಿ, ಬ್ರೇಕು ಒತ್ತಿ, ಎಡದಾರಿಯಲ್ಲಿ ಹಿಂದಕ್ಕೆ ನಡೆದು ತುದಿಯಲ್ಲಿ ನಿಂತೆ.

ಮುತ್ಯಾ ಬಿಳಿ ಟವೆಲ್ ಎತ್ತಿದರು.

ಟ್ರ್ಯಾಕ್ಟರ್ ಗುರ್ ಎಂದು ಇರುವೆಯ ಹಾಗೆ ಮುಂದೆ ಸರಿಯಿತು. ಹಗ್ಗ ತಂತಿಯಾಯಿತು. ಬೇವಿನ ನೆತ್ತಿ ನೆಟ್ಟಗಾಯಿತು, ಒಂದು ಕ್ಷಣ ಏನೂ ಮಾಡದೆ ನಿಂತಿತು, ಆಮೇಲೆ ಹೊಲದ ಕಡೆ ತೂಗಿತು. ಬುಡದಲ್ಲಿ ಮರ ಹರಿಯುವ ಉದ್ದನೆಯ ಸದ್ದು. ಶೆಡ್ಡಿನ ಮೇಲಿಂದ ಆ ಬೋಳು ನೆರಳು ಜಾರಿ ಹೋದದ್ದನ್ನು ಕಣ್ಣಾರೆ ಕಂಡೆ. ಗಿಡ ಬಿದ್ದಾಗ ಒಣಟೊಂಗೆಗಳೆಲ್ಲ ಪುಡಿಯಾಗಿ ಸಿಡಿದವು, ಧೂಳು ಎದ್ದು ಟ್ರ್ಯಾಕ್ಟರನ್ನೂ ಮನೆಯವರನ್ನೂ ಮುಚ್ಚಿತು.

ಧೂಳು ಇಳಿಯುವ ತನಕ, ಮೇಲೆ ಏನೂ ತೂಗುತ್ತಿಲ್ಲ ಎಂದು ನೋಡುವ ತನಕ ಯಾರೂ ಹೋಗಬಾರದೆಂದು ನಾನೇ ಕೈ ಅಡ್ಡ ಹಿಡಿದಿದ್ದೆ. ಬದುವಿನ ಮೇಲಿನ ಅಷ್ಟೂ ಜನ ಆ ಕೈ ನೋಡಿ ಕೂತಲ್ಲೇ ಕೂತರು.

ಕೈ ಇಳಿಸಿದ ಮೇಲೆ ಮೊದಲು ಬಂದವರು ಅತ್ತೆ. ಸುಣ್ಣದ ಗೆರೆಯ ಮೇಲೆ ಹುಡುಕುತ್ತ ನಡೆದರು.

"ಗೂಟ ಎಲ್ಲೈತಿ ಬೇ?"

"ಗಿಡದ ಕೆಳಗ ಇರಬೇಕ್ರಿ" ಎಂದು ಬಗ್ಗಿ ನೋಡಿದೆ. ದಿಮ್ಮಿಯ ಕೆಳಗೆ, ನೆಲದಲ್ಲಿ ಗೇಣುದ್ದ ಹೂತುಹೋಗಿತ್ತು.

ಅತ್ತೆ ಬದುವಿನ ಕಡೆ ತಿರುಗಿ, ಕೋಲು ಎತ್ತಿ ದೊಡ್ಡ ದನಿಯಲ್ಲಿ ಕೂಗಿದರು: "ಬರ್ರಿ, ನೋಡ ಬರ್ರಿ! ನನ್ನ ಸೊಸಿ ಗೂಟದ ಮ್ಯಾಲೆ ಕೆಡವ್ಯಾಳ!"

ಜನರೆಲ್ಲ ಇಳಿದು ಬಂದರು. ಮನೆಯವರು ಟ್ರ್ಯಾಕ್ಟರಿನಿಂದ ಜಿಗಿದು ಧೂಳು ತುಂಬಿದ ಮುಖದಲ್ಲಿ ನಗುತ್ತ ಬಂದು ನನ್ನ ಹೆಲ್ಮೆಟ್ಟಿನ ಮೇಲೆ ಒಮ್ಮೆ ತಟ್ಟಿದರು. ಎಲ್ಲರೆದುರು ಅಷ್ಟು ಮಾಡಿದ್ದೇ ದೊಡ್ಡದು. ಮುತ್ಯಾ ಮಾತ್ರ ಬುಡದ ಹತ್ತಿರ ಕುಕ್ಕರಗಾಲಲ್ಲಿ ಕೂತು ಬಿಜಾಗ್ರಿಯ ಹರಿದ ಎಳೆಗಳನ್ನು ಬೆರಳಿನಿಂದ ಸವರಿದರು. ಒಂದೇ ಅಗಲ, ಆ ತುದಿಯಿಂದ ಈ ತುದಿಯ ತನಕ.

"ಛಲೋ ಆತು ತಂಗಿ" ಎಂದರು. ಅವರ ಬಾಯಿಂದ ಅಷ್ಟು ಬರಲು ಎರಡು ತಿಂಗಳು ಹಿಡಿದಿತ್ತು.

ಮಧ್ಯಾಹ್ನ ಅದೇ ದಿಮ್ಮಿಯ ಮೇಲೆ ಎಲ್ಲರೂ ಊಟಕ್ಕೆ ಕೂತೆವು. ಬೆಳಿಗ್ಗೆಯೆಲ್ಲ ಮಷಿನ್ ಹಿಡಿದ ನನ್ನ ಬೆರಳುಗಳು ಮಡಚದೆ ರೊಟ್ಟಿ ಮುರಿಯಲೂ ಬರಲಿಲ್ಲ. ಅತ್ತೆ ನೋಡಿದರು. ನನ್ನ ರೊಟ್ಟಿ ಮುರಿದು, ಶೇಂಗಾ ಹಿಂಡಿ, ಮೊಸರು ಕಲಸಿ ತಾಟಿನಲ್ಲಿಟ್ಟರು. ಆಮೇಲೆ ಪಕ್ಕದಲ್ಲಿ ಕೂತ ನೆರೆಮನೆಯವಳಿಗೆ ನನಗೆ ಕೇಳಿಸುವ ಹಾಗೆಯೇ ಹೇಳಿದರು:

"ನಿಮ್ಮ ಬಾಂವಿ ಕಡೆ ಒಂದ ಒಣಾ ಜಾಲಿ ಐತಲ್ಲ, ನಾಳಿ ಬಂದು ನೋಡತೇವಿ. ಆದ್ರ ಮೊದಲ ಬಡದು ಕೇಳತೇವಿ ಮತ್ತ, ಅವಸರ ಮಾಡಬ್ಯಾಡ್ರಿ."

ನೋಡತೇವಿ ಎಂದಿದ್ದರು, ನೋಡತಾಳ ಎಂದಿರಲಿಲ್ಲ. ಮರುದಿನ ಬೆಳಿಗ್ಗೆ ನಾನು ಬೂಟು ಹಾಕಿಕೊಂಡು ಹೊರಗೆ ಬಂದಾಗ ಅತ್ತೆ ಕೊಡಲಿ ಹೆಗಲ ಮೇಲಿಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದರು.